ಹೂ ಬಿಟ್ಟ ದಿನದ ಶತ್ರು

"ಇವನೇ ಸಾರ್, ನಮ್ಮ ಶತ್ರು ದೇಶ," ಎಂದ ಕೀರ್ತಿಕುಮಾರ್, ನನ್ನ ಹೆಗಲ ಮೇಲೆ ಕೈಹಾಕಿ, ಸಂತೆಯಲ್ಲಿ ಹೋರಿ ತೋರಿಸುವವನ ಹಾಗೆ. "ಒಂಬತ್ತನೇ ಕ್ಲಾಸ್ ಫೇಲ್. ಶತ್ರುಗಳೆಲ್ಲ ಇಷ್ಟು ದಡ್ಡರಾಗಿದ್ರೆ ನಮಗೆ ಡ್ರೋನ್ ಯಾಕೆ ಸಾರ್, ಕವಣೆಕಲ್ಲು ಸಾಕು."

ಕಣದಲ್ಲಿದ್ದವರೆಲ್ಲ ನಕ್ಕರು. ನೋಡಲು ಬಂದಿದ್ದ ಕರ್ನಲ್ ಸಾಹೇಬರು ಮೀಸೆಯೊಳಗೇ ನಕ್ಕರು. ಸಾಹೇಬರು ನಕ್ಕರೆಂದು ಅವರ ಹಿಂದಿದ್ದ ಇಬ್ಬರು ಸೈನಿಕರು ನಕ್ಕರು. ತೋಟದ ರೈಟರ್ ರಾಜು ಹೊಟ್ಟೆ ಹಿಡಿದುಕೊಂಡು ನಕ್ಕ. ಒಣಗಲು ಹರವಿದ್ದ ಕಾಫಿಯನ್ನು ಕಾಲಿನಿಂದ ಗೆರೆ ಎಳೆಯುತ್ತ ಮಗುಚುತ್ತಿದ್ದ ಹೆಂಗಸರು, ಏನೆಂದು ತಿಳಿಯದಿದ್ದರೂ, ನಾಲ್ಕು ಜನ ನಗುವಾಗ ನಾವ್ಯಾಕೆ ಬಿಡಬೇಕು ಎಂದು ನಕ್ಕರು. ಮುದ್ದಿಯಂತೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ದಿನಾ ನನ್ನ ಡಬ್ಬಿಗೆ ಉಪ್ಪಿನಕಾಯಿ ಹಾಕುವ ಮುದುಕಿ ಅವಳು.

ನಾನು ಫೇಲಾದವನಲ್ಲ. ಪರೀಕ್ಷೆಗೇ ಹೋಗದವನು. ಎರಡಕ್ಕೂ ವ್ಯತ್ಯಾಸವಿದೆ. ಫೇಲು ಎಂದರೆ ಅವರು ನಮ್ಮನ್ನು ಬೇಡ ಎನ್ನುವುದು. ಇಲ್ಲಿ ಬೇಡ ಎಂದವನು ನಾನು. ಆದರೆ ಇದನ್ನು ಕಣದ ನಡುವೆ ನಿಂತು, ಹೆಗಲ ಮೇಲೆ ಇನ್ನೊಬ್ಬನ ಕೈ ಇರುವಾಗ, ಹೇಳಲು ಆಗುವುದಿಲ್ಲ. ಕೆನ್ನೆ ಮಾತ್ರ ಸುಡುತ್ತದೆ.

ನಗದವಳು ಒಬ್ಬಳೇ, ಆ ಡ್ರೋನ್ ಮಾಡಿದ ಶರ್ಮಿಳಾ ಮೇಡಂ. ಅದೂ ನನ್ನ ಮೇಲಿನ ಮರುಕದಿಂದಲ್ಲ. ಆಕೆ ಡ್ರೋನಿನ ಹೊಟ್ಟೆಯ ಕೆಳಗೆ ತಲೆ ತೂರಿಸಿಕೊಂಡು ತಿರುಪು ಬಿಗಿ ಮಾಡುತ್ತಿದ್ದಳು. ಹೊರಗಿನ ಯಾವ ಮಾತೂ ಆಕೆಯ ಕಿವಿಗೆ ಬಿದ್ದಿರಲಿಲ್ಲ.

ಕೀರ್ತಿಕುಮಾರ್ ದೂರದವನಾಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲವೇನೋ. ಅವನು ಶನಿವಾರಸಂತೆ ಕಡೆಯವನು, ನಾನು ಶಿರಂಗಾಲದವನು. ನಮ್ಮಿಬ್ಬರ ಊರಿನ ಮಾತೂ ಹೆಚ್ಚುಕಡಿಮೆ ಒಂದೇ. ಸೈನ್ಯಕ್ಕೆ ಡ್ರೋನ್ ಮಾಡುವ ಒಂದು ಕಂಪನಿಯವರು ಬಿಟ್ಟಂಗಾಲದ ಆಚೆ ಈ ತೋಟದಲ್ಲಿ ಪರೀಕ್ಷೆ ನಡೆಸಲು ಬಂದಾಗ, ಹೊರಗಿನ ಕೆಲಸಕ್ಕೆಲ್ಲ ಅವನೇ ಮೇಲ್ವಿಚಾರಕ. "ನಮ್ಮ ಕಡೆ ಹುಡುಗ" ಎಂದು ನನ್ನನ್ನು ಆರಿಸಿಕೊಂಡವನೂ ಅವನೇ. ನಮ್ಮ ಕಡೆಯವನು ಎಂದು ಕರೆದು ಕೂರಿಸಿಕೊಂಡವನು ತುಳಿದರೆ ಜಾಸ್ತಿ ನೋಯುತ್ತದೆ.

ನನ್ನ ಕೆಲಸವೇನೆಂದರೆ ಶತ್ರುವಿನ ಪಾತ್ರದಲ್ಲಿ ಜಾಮರ್ ಹೊರುವುದು, ಅಂದರೆ ಡ್ರೋನಿನ ಸಿಗ್ನಲ್ ಕೆಡಿಸುವ ಯಂತ್ರ. ಮರದ ಪೆಟ್ಟಿಗೆಯಷ್ಟು ದೊಡ್ಡದು, ಜೊತೆಗೆ ಬ್ಯಾಟರಿ, ಮೇಲೆ ಮಗುಚಿದ ಕೊಡೆಯಂಥ ಆಂಟೆನಾ. ಅದನ್ನು ಹೊತ್ತು ತೋಟದ ತಲೆಯ ಮೇಲಿರುವ ಬಂಡೆ ಹತ್ತಬೇಕು. ಕೆಳಗೆ ಕಣದಲ್ಲಿ ಹಸಿರು ಬಟ್ಟೆ ಬೀಸಿದರೆ ಗುಂಡಿ ಒತ್ತಿ ಹಿಡಿಯಬೇಕು, ಕೆಂಪು ಬಟ್ಟೆ ಬೀಸಿದರೆ ಬೆರಳೆತ್ತಿ ಆರಿಸಬೇಕು. ಫೋನಿನಲ್ಲಿ ಹೇಳುವಂತಿಲ್ಲ, ಏಕೆಂದರೆ ಗುಂಡಿ ಒತ್ತಿದ ಕೂಡಲೇ ಆ ಕಣಿವೆಯ ಫೋನುಗಳೆಲ್ಲ ಸತ್ತುಬೀಳುತ್ತವೆ.

ಮೊದಲ ದಿನ ನನಗೆ ಜಾಮರಿನ ಬಲ ತೋರಿಸಲೆಂದು ಮದುವೆ ವಿಡಿಯೋ ತೆಗೆಯುವಂಥ ಸಾದಾ ಡ್ರೋನೊಂದನ್ನು ಹಾರಿಸಿದ್ದರು. ನಾನು ಗುಂಡಿ ಒತ್ತಿದೆ. ಹದ್ದಿನ ಹಾಗೆ ನಿಂತಿದ್ದದ್ದು ಕುಡಿದವನ ಹಾಗೆ ತೂರಾಡಿತು, ಗಾಳಿ ಎಳೆದ ಕಡೆಗೆ ಜಾರಿತು, ಹೋಗಿ ಒಂದು ಸಿಲ್ವರ್ ಓಕಿನ ನೆತ್ತಿಯಲ್ಲಿ ಸಿಕ್ಕಿಹಾಕಿಕೊಂಡಿತು. ಕಲ್ಲಿಲ್ಲ, ಗುಂಡಿಲ್ಲ, ಸದ್ದಿಲ್ಲ. ನನ್ನ ಹೆಬ್ಬೆರಳು, ಅಷ್ಟೇ. ಬಂಡೆಯ ಮೇಲೆ ನಿಂತು ನನ್ನ ಹೆಬ್ಬೆರಳನ್ನೇ ನೋಡಿಕೊಂಡೆ. ಅಲ್ಲಿಯವರೆಗೆ ಅದು ತೋಟಕ್ಕೆ ನೀರು ಹಾಯಿಸುವ ಪೈಪಿನ ಕೊಂಡಿ ಹಾಕಲು ಮಾತ್ರ ಬಳಕೆಯಾಗಿದ್ದ ಬೆರಳು.

ಆಮೇಲೆ ಅವರ ಡ್ರೋನ್ ಎದ್ದಿತು. ಆರು ಕೈಗಳದ್ದು, ಹೊಟ್ಟೆಯ ಕೆಳಗೆ ಮರಳಿನ ಚೀಲ ಹೊತ್ತದ್ದು. ನಾನು ಒತ್ತಿದೆ. ಅದು ಒಮ್ಮೆ ಬೆಚ್ಚಿದ ಹಾಗೆ ಮಾಡಿ, ಮತ್ತೆ ತನ್ನ ಪಾಡಿಗೆ ತಾನು ಹೋಯಿತು. ಒತ್ತಿಯೇ ಇದ್ದೆ. ತೋಟದ ಕೆಳಗಿನ ಬ್ಲಾಕ್ ದಾಟಿ, ತೋಡೆನ್ನುವ ಸಣ್ಣ ಹಳ್ಳ ದಾಟಿ, ಗದ್ದೆಯಲ್ಲಿ ಹಾಸಿದ್ದ ಕೆಂಪು ಟಾರ್ಪಾಲಿನ ಮೇಲೆ ಚೀಲ ಹಾಕಿ, ಕಣಕ್ಕೆ ವಾಪಸು ಬಂದು ಇಳಿಯಿತು.

"ಅದು ಹೆಂಗೆ ಮೇಡಂ?" ಎಂದು ಅಂದು ಕೆಳಗಿಳಿದು ಕೇಳಿದ್ದೆ.

"ನೀನು ಅದರ ಕಿವಿ ಮುಚ್ಚುತ್ತೀಯ, ಧರ್ಮೇಶ. ಮೇಲಿನ ಉಪಗ್ರಹದ ಮಾತೂ ಕೇಳಲ್ಲ, ನನ್ನ ಮಾತೂ ಕೇಳಲ್ಲ. ಆದರೆ ಕಣ್ಣಿದೆಯಲ್ಲ. ಕೆಳಗಿನ ನೆಲ ನೋಡ್ಕೊಂಡು ಹೋಗುತ್ತೆ. ಈ ತೋಟದ ಫೋಟೋ ಮೊದಲೇ ತೆಗೆದು ಅದರ ತಲೆಯಲ್ಲಿ ಇಟ್ಟಿದೀವಿ. ನೋಡಿದ್ದಕ್ಕೂ ನೆನಪಿಗೂ ತಾಳೆ ಹಾಕುತ್ತೆ."

"ಮನೆ ಹಸು ಗೊತ್ತಿರೋ ದಾರೀಲಿ ಬರೋ ಹಂಗೆ."

"ಹಂಗೇ," ಎಂದಳು. ಆಕೆಯ ಮುಖ ಅರಳಿತ್ತು. ಈ ಒಂದು ವಿದ್ಯೆಗೆ ಆಕೆ ಮೂರು ವರ್ಷ ಕೂತಿದ್ದಾಳೆಂದು ರೈಟರ್ ರಾಜು ಹೇಳಿದ್ದ. ಕರ್ನಲ್ ಸಾಹೇಬರ ಎದುರು ಒಂದೇ ಒಂದು ಹಾರಾಟ. ದಾರಿಯುದ್ದಕ್ಕೂ ಜಾಮರ್ ಉರಿಯುತ್ತಿರುವಾಗ ಹೋಗಿ ಬಂದರೆ ಮುಂದಿನ ಪರೀಕ್ಷೆ ಉತ್ತರದ ಗಡಿಯ ಬೆಟ್ಟಗಳಲ್ಲಿ. ದಾರಿ ತಪ್ಪಿದರೆ ಪೆಟ್ಟಿಗೆ ಕಟ್ಟಿಕೊಂಡು ಮನೆಗೆ.

ಕರ್ನಲ್ ಸಾಹೇಬರು ಜಾಗ ನೋಡಲು ಬಂದ ದಿನವೇ ನನಗೆ ಆ ಮರ್ಯಾದೆ ಆದದ್ದು. ನಕ್ಕು ಮುಗಿದ ಮೇಲೆ ಕೀರ್ತಿಕುಮಾರ್ ರಾಜುವಿನ ಕಡೆ ತಿರುಗಿ ಹೇಳಿದ: "ರೈಟರೇ, ಸಾಹೇಬ್ರು ಮತ್ತೆ ಬರೋವರೆಗೆ ಕೆಳಗಿನ ಬ್ಲಾಕಲ್ಲಿ ಏನೂ ಬದಲಾಗಬಾರದು. ಮರ ಕಡಿಯೋದು, ಕೊಂಬೆ ಸವರೋದು, ಗುಂಡಿ ತೆಗೆಯೋದು, ಏನೂ ಬೇಡ. ಫೋಟೋದಲ್ಲಿ ಇದ್ದ ಹಾಗೇ ಇರಬೇಕು."

"ಒಂದು ಎಲೆ ಮುಟ್ಟಲ್ಲ ಸಾರ್," ಎಂದ ರಾಜು.

ಸಂಜೆ ನಾನು ಕೃಷ್ಣಪ್ಪ ಮಾವನ ಹತ್ತಿರ ಹೋದೆ. ಮಾವ ಎಂದರೆ ನನ್ನ ತಾಯಿಯ ಅಣ್ಣ. ಬೇಸಿಗೆ ಬಂತೆಂದರೆ ಡೀಸೆಲ್ ಮೋಟಾರನ್ನೂ ಸ್ಪ್ರಿಂಕ್ಲರ್ ಪೈಪುಗಳನ್ನೂ ಜೀಪಿಗೆ ಹೇರಿಕೊಂಡು ತೋಟದಿಂದ ತೋಟಕ್ಕೆ ಹೋಗಿ ನೀರು ಹಾಯಿಸುವುದು ಅವನ ಕಸುಬು. ನಾನು ಶಾಲೆ ಬಿಟ್ಟು ಹಿಡಿದದ್ದೂ ಆ ಪೈಪನ್ನೇ. ಕೆರೆಯ ಬದಿಯಲ್ಲಿ ಮೋಟಾರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಬೀಡಿ ಸೇದುತ್ತಿದ್ದ.

"ಏನ್ಲಾ, ಮಖ ಯಾಕ್ ಹಂಗೆ ಮಾಡ್ಕಂಡಿದ್ದೀಯ? ಇಂಗು ತಿಂದ ಮಂಗನ್ ಹಂಗೆ."

ನಡೆದದ್ದು ಹೇಳಿದೆ. ಹೇಳುತ್ತ ಹೇಳುತ್ತ ಇನ್ನೂ ಸಿಟ್ಟು ಬಂತು.

"ನಕ್ರೆ ನಗ್ಲಿ ಬುಡು. ಹಲ್ಲು ಅವ್ರದ್ದು."

"ಆ ಡ್ರೋನು ಬೀಳ್ಬೇಕು ಮಾವ. ಅದೇ ಕರ್ನಲ್ ಮುಂದೆ, ಅದೇ ಕಣದಲ್ಲಿ, ಅವನ ಮುಖದಲ್ಲಿರೋ ನಗು ಬಿದ್ದೋಗಬೇಕು."

"ಬೀಳ್ಸಕ್ಕೆ ನಿಂಗೇನು ಮಂತ್ರ ಬತ್ತದಾ? ಏಳು, ಪೈಪ್ ಎತ್ತು. ನಾಳೆಯಿಂದ ಕೆಳಗಿನ ಬ್ಲಾಕ್‌ಗೆ ನೀರು ಬುಡ್ಬೇಕಂತೆ. ಮಳೆ ಕಾಯ್ಕಂಡ್ ಕುಂತ್ರೆ ಮೊಗ್ಗು ಕರಕಲಾಯ್ತದೆ ಅಂತ ಸಾವ್ಕಾರ್ರು ಹೇಳವ್ರೆ."

ಪೈಪಿಗೆ ಬಗ್ಗಿದವನು ಬಗ್ಗಿದಲ್ಲೇ ನಿಂತೆ.

ಕಾಫಿ ಗಿಡದ ಮೊಗ್ಗು ನೀರಿಗಾಗಿ ಕಾಯುತ್ತ ಮಲಗಿರುತ್ತದೆ. ಮಳೆಯ ನೀರಾದರೂ ಸರಿ, ಮೋಟಾರಿನ ನೀರಾದರೂ ಸರಿ. ಒಮ್ಮೆ ಚೆನ್ನಾಗಿ ನೆನೆದರೆ ಎಂಟೊಂಬತ್ತು ದಿನಕ್ಕೆ ಒಂದು ಬೆಳಗ್ಗೆ ಇಡೀ ಬ್ಲಾಕ್ ಒಟ್ಟಿಗೇ ಬೆಳ್ಳಗಾಗುತ್ತದೆ. ಇದು ದೊಡ್ಡ ವಿದ್ಯೆಯಲ್ಲ, ಇಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಕರ್ನಲ್ ಸಾಹೇಬರು ಮತ್ತೆ ಬರುವುದೂ ಸುಮಾರು ಅದೇ ಹೊತ್ತಿಗೆ. ಕೀರ್ತಿಕುಮಾರನಿಗೆ ಯಾಕೆ ಹೊಳೆಯಲಿಲ್ಲ? ಅವನ ಮನೆಯದು ಬೆಟ್ಟದ ಅರೇಬಿಕಾ ತೋಟ. ಅಲ್ಲಿಯವರು ಹೂವಿಗೆ ಆಕಾಶ ನೋಡುತ್ತಾರೆ. ಹೂಮಳೆ ಬಂದರೆ ಹೂವು, ಇಲ್ಲದಿದ್ದರೆ ಇಲ್ಲ. ಈ ವರ್ಷ ಮಳೆ ಬಂದಿರಲಿಲ್ಲ. ಅವನು ಆಕಾಶ ನೋಡಿ ನಿಶ್ಚಿಂತೆಯಾಗಿದ್ದ. ಇಲ್ಲಿನ ರೋಬಸ್ಟಾದವರು ಕೆರೆ ನೋಡುತ್ತಾರೆಂಬುದು ಅವನ ತಲೆಗೆ ಬಂದಿರಲಿಲ್ಲ. ರಾಜುವಿನ ಲೆಕ್ಕದಲ್ಲಿ ನೀರು ಹಾಯಿಸುವುದೆಂದರೆ ತೋಟವನ್ನು ಮುಟ್ಟಿದ ಹಾಗಲ್ಲ.

ಡ್ರೋನಿನ ತಲೆಯಲ್ಲಿರುವ ಫೋಟೋ ಹಸಿರು.

ನಾನು ಪೈಪ್ ಎತ್ತಿದೆ. ಆ ಎರಡು ದಿನ ನಾನು ಎಳೆದಷ್ಟು ಪೈಪನ್ನು ಯಾವ ವರ್ಷವೂ ಎಳೆದಿರಲಿಲ್ಲ. ಬೆಳಗ್ಗೆ ಜಾಮರ್ ಹೊತ್ತು ಬಂಡೆ ಹತ್ತುವುದು, ಮಧ್ಯಾಹ್ನ ಕಂಪನಿಯವರು ಹೊರಟುಹೋದ ಮೇಲೆ ಕೆಳಗಿನ ಬ್ಲಾಕಿನಲ್ಲಿ ನೀರು. ಸ್ಪ್ರಿಂಕ್ಲರಿನ ಮೂತಿ ಚಿಟಚಿಟ ಎಂದು ತಿರುಗುತ್ತ ಗಿಡಗಳ ಮೇಲೆ ನೀರಿನ ಬಿಲ್ಲು ಬರೆಯುವಾಗ ನಾನು ಮನಸ್ಸಿನಲ್ಲೇ ಕೀರ್ತಿಕುಮಾರನ ಹೆಸರು ಹೇಳುತ್ತಿದ್ದೆ. ಮಾವ ಒಮ್ಮೆ ನನ್ನನ್ನೇ ದಿಟ್ಟಿಸಿ, "ಏನ್ಲಾ, ಸಾವ್ಕಾರ್ರ ತೋಟ ನಿನ್ ಹೆಸ್ರಿಗೆ ಬರ್ದವ್ರಾ?" ಎಂದ. ನಾನು ನಕ್ಕುಬಿಟ್ಟೆ.

ಕರ್ನಲ್ ಸಾಹೇಬರು ಬರುವ ಹಿಂದಿನ ಸಂಜೆ ಮೊಗ್ಗುಗಳು ಸಣ್ಣ ಮೇಣದ ಬತ್ತಿಗಳ ಹಾಗೆ ನೆಟ್ಟಗೆ ನಿಂತಿದ್ದವು. ಕೀರ್ತಿಕುಮಾರ್ ಅದರ ಪಕ್ಕದಲ್ಲೇ ಜೀಪಿನಲ್ಲಿ ಹೋದ. ಫೋನಿನಲ್ಲಿ ಯಾರಿಗೋ ಊಟದ ವ್ಯವಸ್ಥೆ ಹೇಳುತ್ತಿದ್ದ.

ಬೆಳಗಾಯಿತು. ಕೂಲಿಯವರ ಲೈನಿನ ಮನೆಯಿಂದ ಹೊರಗೆ ಬರುವ ಮೊದಲೇ ವಾಸನೆ ಒಳಗೆ ಬಂದಿತ್ತು. ಮಲ್ಲಿಗೆಯೂ ಜೇನೂ ಒಟ್ಟಿಗೆ ಕುದಿಸಿದ ಹಾಗೆ. ಪ್ರತಿವರ್ಷ ನೋಡಿದವನೇ ನಾನು, ಆದರೂ ಬಾಗಿಲಲ್ಲಿ ಒಂದು ಗಳಿಗೆ ನಿಂತೆ. ಕೆಳಗಿನ ಬ್ಲಾಕ್ ಇರಲಿಲ್ಲ. ಅಲ್ಲಿ ಬೇರೇನೋ ಇತ್ತು. ಇಡೀ ಇಳಿಜಾರು ಬೆಳ್ಳಗೆ, ಹಸಿರು ಎಲೆಯ ಗುರುತೂ ಇಲ್ಲದ ಹಾಗೆ ಬೆಳ್ಳಗೆ. ನಡುವೆ ಅಲ್ಲೊಂದು ಇಲ್ಲೊಂದು ನೆರಳಿನ ಮರ. ಜೇನುಹುಳುಗಳ ಸದ್ದು ದೂರದ ಹೊಳೆಯಂತೆ.

ಕಣದಲ್ಲಿ ಕೀರ್ತಿಕುಮಾರ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತಿದ್ದ.

"ಮಳೇನೇ ಬಂದಿಲ್ಲ. ಹೂವು ಹೆಂಗ್ರೀ ಬಂತು?"

"ನೀರು ಬಿಟ್ವಲ್ಲ ಸಾರ್," ಎಂದ ರಾಜು.

"ಏನೂ ಮುಟ್ಟಬೇಡಿ ಅಂದಿದ್ದೆ!"

"ಏನೂ ಮುಟ್ಟಿಲ್ಲ ಸಾರ್. ನೀರಷ್ಟೇ."

ಕರ್ನಲ್ ಸಾಹೇಬರ ಜೀಪು ಆಗಲೇ ಬಂದಾಗಿತ್ತು. ಅವರದೂ ಕೊಡಗಿನ ಮನೆ. ಇಳಿದವರೇ ಕೆಳಗಿನ ಬ್ಲಾಕ್ ನೋಡಿದರು, ಮೂಗಿನ ತುಂಬ ಉಸಿರೆಳೆದುಕೊಂಡರು.

"ಸಾರ್, ಒಂದು ಸಣ್ಣ ತೊಂದರೆ," ಎಂದ ಕೀರ್ತಿಕುಮಾರ್. "ನಾಲ್ಕು ದಿನ ಮುಂದಕ್ಕೆ ಹಾಕಿದ್ರೆ ಹೂವು ಉದುರುತ್ತೆ. ಫೋಟೋಗೂ ಇದಕ್ಕೂ ತಾಳೆ ಬರ್ತಾ ಇಲ್ಲ..."

"ಶತ್ರು ನಿಮಗೆ ನಾಲ್ಕು ದಿನ ಟೈಮ್ ಕೊಡ್ತಾನಾ ಕೀರ್ತಿಕುಮಾರ್?"

"ಅಲ್ಲ ಸಾರ್..."

"ಮೇಡಂ, ನೀವು ಹೇಳಿ."

ಶರ್ಮಿಳಾ ಮೇಡಂ ಬಿಳಿ ಇಳಿಜಾರನ್ನೇ ನೋಡುತ್ತಿದ್ದಳು. ತುಟಿ ಒಣಗಿತ್ತು. "ಏನು ಮಾಡುತ್ತೋ ಗೊತ್ತಿಲ್ಲ ಸಾರ್," ಎಂದಳು. "ಹಾರಿಸೋಣ."

ರಾಜು ಒಂದೇ ಮಾತು ಸೇರಿಸಿದ: "ಬಿದ್ರೆ ಮಾತ್ರ ಎತ್ಕೊಂಡು ಬರೋಕೆ ಆಗಲ್ಲ ಸಾರ್. ಹೂವು ಇರೋವರೆಗೆ ಬ್ಲಾಕಿನೊಳಗೆ ಯಾರೂ ಕಾಲಿಡೋ ಹಾಗಿಲ್ಲ. ಸಾವ್ಕಾರ್ರು ಕೊಂದುಹಾಕ್ತಾರೆ." ಅದು ಇಲ್ಲಿನ ಪದ್ಧತಿ. ಮೈ ತಾಗಿದರೆ ಹೂವು ಉದುರುತ್ತದೆ, ಹೂವು ಉದುರಿದರೆ ಕಾಯಿ ಇಲ್ಲ. ಹೂ ಬಿಟ್ಟ ದಿನ ತೋಟದೊಳಗೆ ಜೇನಿಗೆ ಮಾತ್ರ ಕೆಲಸ.

ನಾನು ಜಾಮರ್ ಹೊತ್ತು ಬಂಡೆ ಹತ್ತಿದೆ. ಅಂದು ಅದರ ತೂಕವೇ ತಿಳಿಯಲಿಲ್ಲ. ಮೇಲಿನಿಂದ ಎಲ್ಲವೂ ಕಾಣುತ್ತಿತ್ತು: ಕಣದಲ್ಲಿ ಇರುವೆಯಂಥ ಜನ, ಬೆಳ್ಳಗಿನ ಬ್ಲಾಕ್, ಅದರ ಕೆಳಗೆ ತೋಡು, ಗದ್ದೆಯಲ್ಲಿ ಕೆಂಪು ಟಾರ್ಪಾಲು. ಎಲ್ಲ ನನ್ನ ಅಂಗೈಯಲ್ಲಿತ್ತು. ನಗಿ, ಈಗ ನಗಿ, ಎಂದುಕೊಂಡೆ.

ಡ್ರೋನ್ ಎದ್ದಿತು. ಹಸಿರು ಬಟ್ಟೆ ಬೀಸಿತು. ಒತ್ತಿದೆ.

ಮೊದಲು ಹಳೆಯ ಅರೇಬಿಕಾ ಪಟ್ಟಿ, ಅಲ್ಲಿ ಹೂವಿಲ್ಲ. ಅದರ ಮೇಲೆ ಅದು ಗೆರೆ ಎಳೆದ ಹಾಗೆ ಹೋಯಿತು. ಆಮೇಲೆ ಬಿಳಿಯ ಅಂಚು. ಅಂಚು ದಾಟಿ ಸ್ವಲ್ಪ ಮುಂದೆ ಹೋಯಿತು, ಇನ್ನೂ ಸ್ವಲ್ಪ, ಮತ್ತೆ ನಿಂತುಬಿಟ್ಟಿತು.

ಗಾಳಿಯ ನಡುವೆ, ಹೂವಿನ ಮೇಲೆ, ಸುಮ್ಮನೆ.

ಸಿಕ್ಕಿತು, ಎಂದೆ. ಬಾಯಿಬಿಟ್ಟೇ ಹೇಳಿದೆ, ಬಂಡೆಯ ಮೇಲೆ ಕೇಳುವವರು ಯಾರೂ ಇರಲಿಲ್ಲ. ಬೀಳು ಎಂದೆ.

ಅದು ಬೀಳಲಿಲ್ಲ. ಗಾಳಿ ಪಕ್ಕಕ್ಕೆ ತಳ್ಳಿತು, ಸ್ವಲ್ಪ ಜಾರಿ ಮತ್ತೆ ಹಿಡಿದುಕೊಂಡಿತು. ಎಷ್ಟು ಹೊತ್ತು ಹಾಗೆ ಇತ್ತೋ. ಆ ಹೊತ್ತಿನಲ್ಲೇ ನನಗೆ ಅದು ತಿಳಿದದ್ದು. ಆ ಯಂತ್ರದ ಜೊತೆ ಈಗ ಯಾರೂ ಮಾತಾಡಲಾರರು. ಕರ್ನಲ್ ಕೂಗಿದರೂ ಕೇಳದು, ಹೆತ್ತಂಥ ಶರ್ಮಿಳಾ ಮೇಡಂ ಅತ್ತರೂ ಕೇಳದು. ನನ್ನ ಹೆಬ್ಬೆರಳು ಅದರ ಕಿವಿ ಮುಚ್ಚಿದೆ. ನನ್ನ ಪೈಪಿನ ನೀರು ಅದರ ನೆನಪನ್ನು ಅಳಿಸಿಹಾಕಿದೆ. ಎಲ್ಲರೂ ನೋಡುತ್ತಿದ್ದಾರೆ, ಅದಕ್ಕೆ ದಾರಿ ಗೊತ್ತಿಲ್ಲ. ಕಣದ ನಡುವೆ, ಜನ ನಗುತ್ತಿರುವಾಗ, ಬಾಯಿಗೆ ಮಾತು ಬಾರದೆ ನಿಲ್ಲುವುದು ಹೇಗಿರುತ್ತದೆಂದು ನನಗೆ ಗೊತ್ತಿತ್ತು.

ಕೆಳಗೆ ಕಣದಲ್ಲಿ ಕೀರ್ತಿಕುಮಾರ್ ಕೆಂಪು ಬಟ್ಟೆಗೆ ಕೈಹಾಕಿದ. ಬೀಸಿದ್ದರೆ ನಾನು ಆರಿಸಬೇಕಿತ್ತು, ಡ್ರೋನ್ ಉಳಿಯುತ್ತಿತ್ತು, ಸೋಲು ಲೆಕ್ಕಕ್ಕೆ ಸೇರುತ್ತಿತ್ತು. ಆದರೆ ಶರ್ಮಿಳಾ ಮೇಡಂ ಅವನ ಮಣಿಕಟ್ಟು ಹಿಡಿದುಕೊಂಡಳು. ಅಷ್ಟು ದೂರದಿಂದಲೂ ಕಂಡಿತು. ಎರಡೂ ಕೈಯಿಂದ ಹಿಡಿದು ಕೆಳಕ್ಕೆ ಜಗ್ಗಿದ್ದಳು, ಕಣ್ಣು ಮಾತ್ರ ಆಕಾಶದಲ್ಲಿ.

ನನ್ನ ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು. ಸ್ವಲ್ಪ ಎತ್ತಿದರೆ ಸಾಕು, ಅದರ ಕಿವಿ ತೆರೆದುಕೊಳ್ಳುತ್ತದೆ. ಎತ್ತೋಣ ಎನ್ನಿಸಿತು, ಸುಳ್ಳು ಹೇಳುವುದಿಲ್ಲ. ಎತ್ತಲಿಲ್ಲ. ಪಾಪ ಎಂದು ಬಿಟ್ಟುಕೊಟ್ಟರೆ ಅದು ಆ ಯಂತ್ರಕ್ಕೆ, ಕೀರ್ತಿಕುಮಾರ್ ನನಗೆ ಮಾಡಿದ್ದಕ್ಕಿಂತ ದೊಡ್ಡ ಅವಮಾನ. ಬೆರಳನ್ನು ಇನ್ನೂ ಗಟ್ಟಿ ಒತ್ತಿದೆ.

ಆಗ ಅದು ಅಲ್ಲಾಡಿತು.

ಎಡಕ್ಕೆ ಒಂದಷ್ಟು ಹೋಯಿತು, ಬಲಕ್ಕೆ ಒಂದಷ್ಟು. ಮೇಲೆದ್ದಿತು, ಮತ್ತೆ ತಗ್ಗಿತು, ಎಷ್ಟು ತಗ್ಗಿತೆಂದರೆ ಅದರ ರೆಕ್ಕೆಯ ಗಾಳಿಗೆ ಹೂವಿನ ಎಸಳು ಹೊಗೆಯ ಹಾಗೆ ಎದ್ದವು. ಕಾಡಿನ ಆನೆಯನ್ನು ನೋಡಿದವರಿಗೆ ಗೊತ್ತು: ಪರಿಚಯವಿಲ್ಲದ ನೆಲಕ್ಕೆ ಕಾಲಿಡುವ ಮೊದಲು ಸೊಂಡಿಲು ಚಾಚಿ ತಟ್ಟಿ ತಟ್ಟಿ ನೋಡುತ್ತದೆ. ಅದೇ. ಆ ಆರು ಕೈಯ ಯಂತ್ರ ಇಳಿಜಾರನ್ನು ತಟ್ಟಿ ನೋಡುತ್ತಿತ್ತು. ಒಂದು ಮರದ ಸುತ್ತ ಅರ್ಧ ಸುತ್ತು ಬಂದಿತು. ನೆಲ ಎಲ್ಲಿ ಮಡಚಿದೆಯೋ ಅಲ್ಲಿಗೆ ಬಂದು, ಮಡಿಕೆಯ ಮೇಲೆ ನಿಂತು, ಮುಖ ತಿರುಗಿಸಿತು. ತೋಡಿನ ಕಡೆಗೆ. ಸರಿಯಾದ ಕಡೆಗೆ.

ಹೊರಟಿತು.

ಮೊದಲಿನ ಹಾಗೆ ನೇರ ಗೆರೆಯಲ್ಲ. ಇಳಿಜಾರಿನ ಜೊತೆ ಬಾಗುತ್ತ, ನೀರು ಹರಿಯುವ ಹಾದಿಯಲ್ಲಿ, ನೆಲವನ್ನು ಕೈಯಲ್ಲಿ ಸವರಿಕೊಂಡು ಹೋಗುವ ಕುರುಡನ ಹಾಗೆ. ಆದರೆ ಕುರುಡನ ಅಂಜಿಕೆ ಇರಲಿಲ್ಲ. ತೋಡು ದಾಟಿತು. ಗದ್ದೆಯ ಮೇಲೆ ಹೋಗಿ ಚೀಲ ಬಿಟ್ಟಿತು. ಟಾರ್ಪಾಲಿನ ನಡುವಿಗಲ್ಲ, ಒಂದು ಮೂಲೆಗೆ. ಮೂಲೆಯಾದರೂ ಟಾರ್ಪಾಲೇ.

ತಿರುಗಿ ಬಂತು. ಮತ್ತೆ ಬಿಳಿಯ ಅಂಚು. ನಿಲ್ಲುತ್ತದೆ ಎಂದುಕೊಂಡೆ. ನಿಲ್ಲಲಿಲ್ಲ. ಹೋಗುವಾಗ ಕಲಿತದ್ದನ್ನು ಇಟ್ಟುಕೊಂಡಿತ್ತು. ಹೂವಿನ ಮೇಲೆ ತನ್ನ ಮನೆಯ ಅಂಗಳದಲ್ಲಿ ಹಾದುಹೋಗುವ ಹಾಗೆ ಹೋಗಿ ಕಣದಲ್ಲಿ ಇಳಿಯಿತು. ಕೆಂಪು ಬಟ್ಟೆ ಬೀಸುತ್ತಿತ್ತು, ಬಹಳ ಹೊತ್ತಿನಿಂದ ಬೀಸುತ್ತಿದ್ದಿರಬೇಕು. ನಾನು ಬೆರಳು ತೆಗೆಯುವುದನ್ನೂ ಮರೆತಿದ್ದೆ.

ಕೆಳಗಿಳಿದು ಬರುವಷ್ಟರಲ್ಲಿ ಮೇಡಂ ಡ್ರೋನಿಗೆ ವೈರ್ ಸಿಕ್ಕಿಸಿ, ಲ್ಯಾಪ್‌ಟಾಪನ್ನು ಕಾಫಿ ರಾಶಿಯ ಮೇಲೆಯೇ ಇಟ್ಟುಕೊಂಡು ಓದುತ್ತಿದ್ದಳು. ಜಾಮರ್ ಉರಿಯುವಾಗ ಅದು ಏನು ನೋಡಿತು, ಏನು ಅಂದುಕೊಂಡಿತು ಎಂಬುದನ್ನೆಲ್ಲ ಅದು ತನ್ನೊಳಗೇ ಬರೆದಿಟ್ಟುಕೊಂಡಿರುತ್ತದಂತೆ. ಎಲ್ಲರೂ ಸುತ್ತ ನೆರೆದಿದ್ದರು. ಇದ್ದಕ್ಕಿದ್ದಂತೆ ಮೇಡಂ ನಗತೊಡಗಿದಳು. ನಕ್ಕು ನಕ್ಕು ಕಣದಲ್ಲೇ ಕೂತುಬಿಟ್ಟಳು.

"ಏನಂತೆ?" ಎಂದರು ಕರ್ನಲ್.

"ಹಿಮ ಅಂದ್ಕೊಂಡಿದೆ ಸಾರ್."

"ಏನು?"

"ಹಿಮ. ಗಡಿ ಬೆಟ್ಟಗಳಲ್ಲಿ ರಾತ್ರಿ ಬೆಳಗಾಗೋದರೊಳಗೆ ಹಿಮ ಬಿದ್ರೆ ನಮ್ಮ ಫೋಟೋ ಕೆಲಸಕ್ಕೆ ಬರಲ್ಲ ಅಂತ ಬೇರೆ ಒಂದು ಉಪಾಯ ಮಾಡಿಟ್ಟಿದ್ದೆ. ನೆಲ ಬೆಳ್ಳಗಾದ್ರೆ ಬಣ್ಣ ಬಿಟ್ಟುಬಿಡು, ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ, ಅದನ್ನ ನೋಡು ಅಂತ. ಕೊಡಗಲ್ಲೆಲ್ಲಿ ಹಿಮ, ಇಲ್ಲಿಗೆ ಬೇಡ, ತೆಗೀಬೇಕು ಅಂದ್ಕೊಂಡಿದ್ದೆ. ಮರೆತಿದ್ದೆ ಸಾರ್." ಆಕೆಯ ಕಣ್ಣಲ್ಲಿ ನೀರಿತ್ತು. "ಅದು ಹಿಮಾನೇ ನೋಡಿಲ್ಲ. ನಾನೂ ನೋಡಿಲ್ಲ."

ಮುದ್ದಿ ಮುಂದೆ ಬಂದು ಬಗ್ಗಿ ನೋಡಿದಳು. "ಹಿಮ ಅಂದ್ರೆ ಎಂಥದು?"

"ಐಸು ಕಣಜ್ಜಿ," ಎಂದ ರಾಜು. "ಬೆಳ್ಳಗೆ ಆಕಾಶದಿಂದ ಬೀಳುತ್ತೆ."

"ಅದಕ್ಕೆ ವಾಸನೆ ಉಂಟಾ?"

"ಇಲ್ಲ."

"ಹಂಗಾದ್ರೆ ಇದಕ್ಕೆ ಮೂಗಿಲ್ಲ ಪಾಪ," ಎಂದಳು ಮುದ್ದಿ ಡ್ರೋನಿನ ಬೆನ್ನು ಸವರಿ. ಕರ್ನಲ್ ಸಾಹೇಬರೂ ಗಟ್ಟಿಯಾಗಿ ನಕ್ಕರು.

ನಾನು ನಗಲಿಲ್ಲ. ಡ್ರೋನಿನ ಒಂದು ಕಾಲಿಗೆ ಕಾಫಿ ಹೂವಿನ ಎಸಳು ಅಂಟಿತ್ತು. ಅದನ್ನೇ ನೋಡುತ್ತಿದ್ದೆ. ಹತ್ತಾರು ದಿನ ನಾನು ಇದರ ಸಾವು ಬಯಸಿದ್ದೆ. ಇದು ಬಿಟ್ಟಂಗಾಲದ ಇಳಿಜಾರಿನಲ್ಲಿ ನಿಂತು, ಎಂದೂ ಕಾಣದ ಬೆಟ್ಟಗಳ ಹಿಮವನ್ನು ಕಂಡು, ಅದನ್ನು ದಾಟಿ ಬಂದಿದೆ. ಮೈ ಜುಮ್ಮೆಂದಿತು. ಸೋತವನಿಗೆ ಹೀಗೂ ಆಗುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ.

"ಏ, ಧರ್ಮೇಶ."

ಕೀರ್ತಿಕುಮಾರ್. ನಗು ನಿಲ್ಲುವ ಮೊದಲೇ ಅವನು ರಾಜುವನ್ನು ಒಂದು ಕಡೆ ಕರೆದುಕೊಂಡು ಪಿಸುಗುಟ್ಟಿದ್ದ. ಈಗ ನೆಟ್ಟಗೆ ನನ್ನ ಮುಂದೆ ಬಂದು ನಿಂತ. ಮುಖದ ನಗು ಬಿದ್ದುಹೋಗಿತ್ತು. ನಾನು ಕೇಳಿಕೊಂಡದ್ದೂ ಅದನ್ನೇ.

"ಕೆಳಗಿನ ಬ್ಲಾಕ್‌ಗೆ ಪೈಪ್ ಎಳೆದಿದ್ದು ನೀನಂತೆ?"

ಕಾಫಿ ಮಗುಚುತ್ತಿದ್ದ ಕಾಲುಗಳು ನಿಂತವು.

"ಇವತ್ತು ಹೂವು ಬಿಡುತ್ತೆ ಅಂತ ನಿಂಗೆ ಗೊತ್ತಿತ್ತು. ದಿನಾ ನನ್ನ ಮುಂದೆ ಓಡಾಡಿದ್ಯಲ್ಲ, ಒಂದು ಮಾತು ಹೇಳಲಿಲ್ಲ. ಗೊತ್ತಿತ್ತು ತಾನೇ? ಬೇಕು ಅಂತಲೇ ಮಾಡಿದ್ದು ತಾನೇ? ಬಾಯಿ ಬಿಡೋ!"

ಕರ್ನಲ್ ಸಾಹೇಬರು ನನ್ನನ್ನೇ ನೋಡುತ್ತಿದ್ದರು. ಶರ್ಮಿಳಾ ಮೇಡಂ ವೈರ್ ಹಿಡಿದ ಕೈಯಲ್ಲೇ ತಲೆಯೆತ್ತಿದಳು. ನನ್ನ ಹತ್ತಿರ ಉತ್ತರವಿತ್ತು. ಶತ್ರು ದಡ್ಡನಲ್ಲ ಸಾರ್ ಎನ್ನುವ ಉತ್ತರ. ಪೈಪ್ ಎಳೆಯುತ್ತ ದಿನವೂ ಹದ ಮಾಡಿಟ್ಟದ್ದು, ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಆ ಎಸಳು ನೋಡಿದ ಮೇಲೆ ಅದನ್ನು ಹೇಳುವ ಆಸೆ ಹೋಗಿತ್ತು.

ಹೆಗಲಿನಿಂದ ಜಾಮರಿನ ಪಟ್ಟಿ ಬಿಚ್ಚಿ ಪೆಟ್ಟಿಗೆಯನ್ನು ಅವನ ಕಾಲ ಬಳಿ ಇಟ್ಟೆ. ಗೋಡೆಯ ಮೇಲಿದ್ದ ಊಟದ ಡಬ್ಬಿ ಎತ್ತಿಕೊಂಡೆ. ಕೆರೆಯ ಕಡೆಯಿಂದ ಮಾವನ ಮೋಟಾರಿನ ಸದ್ದು ಬರುತ್ತಿತ್ತು. ಕಣ ಇಳಿದು, ಬ್ಲಾಕಿನ ಬದುವಿನ ಮೇಲೆ, ಹೂವಿಗೆ ತಾಗದ ಹಾಗೆ ಮೈ ಓರೆ ಮಾಡಿಕೊಂಡು, ಆ ಸದ್ದಿನ ಕಡೆಗೆ ನಡೆದೆ. ಅವನು ಹಿಂದಿನಿಂದ ಇನ್ನೂ ಕೇಳುತ್ತಲೇ ಇದ್ದ.